ಕೈ ಕುಚ್ಚಿನಲ್ಲಿ, ಕಿವಿ ಕಥೆಯಲ್ಲಿ: ನಾನು ಮೆಚ್ಚಿದ ಆಡಿಯೋ ಪುಸ್ತಕಗಳು, ಅವಕ್ಕೆ ದನಿ ಕೊಟ್ಟವರು

ಆಡಿಯೋ ಪುಸ್ತಕ ಕೊಳ್ಳೋ ಮುಂಚೆ ಓದಿದವರು ಯಾರು ಅಂತ ನೋಡಿ. ಬರೆದವರು ಯಾರು ಅನ್ನೋದು ಆಮೇಲೆ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಓದುವವರಿಗೆ ಹದ ಗೊತ್ತಿದ್ದರೆ ಸಾಧಾರಣ ಪತ್ತೇದಾರಿ ಕಥೆಯೂ ರಾತ್ರಿ ಹನ್ನೊಂದರವರೆಗೆ ಕೂರಿಸಿಬಿಡುತ್ತೆ. ಹದ ಗೊತ್ತಿಲ್ಲದವರ ಬಾಯಿಗೆ ಸಿಕ್ಕಿದರೆ ಎಂಥ ದೊಡ್ಡ ಲೇಖಕರ ಪುಸ್ತಕವೂ ಹತ್ತು ನಿಮಿಷಕ್ಕೆ ಸಾಕಪ್ಪಾ ಅನ್ನಿಸುತ್ತೆ. ಹಾಗಾಗಿ ಇಲ್ಲಿ ಪುಸ್ತಕಗಳಿಗಿಂತ ಹೆಚ್ಚಾಗಿ ದನಿಗಳ ಬಗ್ಗೆ ಬರೀತೀನಿ.

ನಾನು ಬೆಂಗಳೂರಿನ ಶ್ರೀನಗರದಲ್ಲಿ ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುತ್ತೇನೆ. ಫಾಲ್, ಜಿಗ್‌ಜಾಗ್ ಕೂಡ ಮಾಡಿಕೊಡ್ತೀನಿ, ಆದರೆ ದಿನದ ಬಹುಪಾಲು ಹೋಗೋದು ಕುಚ್ಚಿಗೇ. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡ್ತಿದ್ದೆ. ಕುಚ್ಚಿನ ಕೆಲಸದಲ್ಲಿ ಕಣ್ಣು ಸೆರಗಿನ ತುದಿ ಬಿಟ್ಟು ಅಲ್ಲಾಡೋ ಹಾಗಿಲ್ಲ, ಎರಡು ಕೈಗೂ ಪುರುಸೊತ್ತಿಲ್ಲ. ಟಿವಿ ಹಾಕಿದರೆ ಕತ್ತು ತಿರುಗುತ್ತೆ, ಗಂಟು ತಪ್ಪುತ್ತೆ. ಕಿವಿಗೆ ಮಾತ್ರ ಬಿಡುವು. ಮದುವೆ ಸೀಸನ್ನಿನಲ್ಲಿ ತಿಂಡಿ ಮುಗಿದ ಮೇಲೆ ಶುರುವಾದ ಪುಸ್ತಕ ದೀಪ ಹಚ್ಚೋ ಹೊತ್ತಿಗೂ ನಡೀತಾನೇ ಇರುತ್ತೆ. ಅಷ್ಟು ಹೊತ್ತು ಒಂದೇ ದನಿಯ ಜೊತೆ ಕಳೀಬೇಕು ಅಂದಮೇಲೆ ಆ ದನಿ ಯಾರದು ಅನ್ನೋದು ಸಣ್ಣ ವಿಷಯ ಅಲ್ಲ.

ರೇ ಪೋರ್ಟರ್ ಅವರಿಂದಲೇ ಶುರು ಮಾಡ್ತೀನಿ. ಅಮೆರಿಕದ ನಟ. ಆಂಡಿ ವೀರ್ ಬರೆದ ‘ಪ್ರಾಜೆಕ್ಟ್ ಹೇಲ್ ಮೇರಿ’ ಕಾದಂಬರಿ 2021ರಲ್ಲಿ ಬಂತು. ಅದನ್ನು ಓದಿದವರು ಇವರು. 16 ಗಂಟೆ ಚಿಲ್ಲರೆ. ಆಡಿಯೋ ಪುಸ್ತಕಗಳಿಗೆ ಅಂತಲೇ ಕೊಡೋ ಆಡಿ ಪ್ರಶಸ್ತಿಗಳಲ್ಲಿ ಮರುವರ್ಷ ವರ್ಷದ ಆಡಿಯೋ ಪುಸ್ತಕ ಅನ್ನೋ ಗೌರವ ಇದಕ್ಕೇ ಸಿಕ್ಕಿತು. ಪ್ರಶಸ್ತಿ ಬರದೇ ಹೋಗಿದ್ದರೂ ನಾನು ಇದನ್ನೇ ಮೊದಲು ಹೇಳ್ತಿದ್ದೆ, ಯಾಕಂದ್ರೆ ಕಥಾನಾಯಕ ಒಬ್ಬ ಶಾಲಾ ವಿಜ್ಞಾನ ಮೇಷ್ಟ್ರು. ಎಚ್ಚರವಾದಾಗ ಆತನಿಗೆ ತಾನು ಎಲ್ಲಿದ್ದೀನಿ ಅಂತ ಗೊತ್ತಿಲ್ಲ, ತನ್ನ ಹೆಸರೂ ನೆನಪಿಲ್ಲ. ಕೈಗೆ ಸಿಕ್ಕಿದ ವಸ್ತುಗಳನ್ನು ಬೀಳಿಸಿ, ಸಮಯ ಅಳೆದು, ಗುರುತ್ವದ ಲೆಕ್ಕ ಹಾಕ್ತಾನೆ. ಉತ್ತರ ಬರೋದು 15. ಭೂಮಿಯ ಮೇಲಾದರೆ 9.8 ಬರಬೇಕಿತ್ತು. ತಾನು ಭೂಮಿಯ ಮೇಲಿಲ್ಲ ಅಂತ ಆತನಿಗೆ ಗೊತ್ತಾಗೋದು ಒಂದು ಲೆಕ್ಕದ ಉತ್ತರದಿಂದ. ಇದೇ 9.8 ಕಂಡುಹಿಡಿಯೋಕೆ ವರ್ಷಾ ವರ್ಷಾ ದಾರಕ್ಕೆ ಕಲ್ಲು ಕಟ್ಟಿ, ಕಿಟಕಿಯ ಸರಳಿಗೆ ನೇತುಹಾಕಿ, ಹುಡುಗರ ಕೈಲಿ ಲೋಲಕದ ಆಂದೋಲನ ಎಣಿಸಿದವಳು ನಾನು. ಆ ಜಾಗಕ್ಕೆ ಬಂದಾಗ ಮೈ ಜುಮ್ ಅಂತು.

ಓದಿನ ಸೊಗಸು ಏನು ಅಂದರೆ, ಲೆಕ್ಕದ ಸಾಲು ಬಂದಾಗ ಪೋರ್ಟರ್ ಓಡಿಸಿಕೊಂಡು ಹೋಗಲ್ಲ. ಬಹಳ ಜನ ಅಂಕಿ ಕಂಡರೆ ಸಾಕು, ಕೇಳುವವರಿಗೆ ಬೇಜಾರಾಗುತ್ತೆ ಅಂತ ತಾವೇ ತೀರ್ಮಾನ ಮಾಡಿ ಸರಸರ ದಾಟಿಸಿಬಿಡ್ತಾರೆ. ಇವರು ಹಾಗಲ್ಲ. ಒಂದೊಂದು ಅಂಕಿಯೂ ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಯೋಚನೆ ಮಾಡಿದ ಹಾಗೇ ಬರುತ್ತೆ. ಉತ್ತರಕ್ಕೆ ಮುಂಚೆ ಒಂದು ಸಣ್ಣ ಉಸಿರು. ಆ ಉಸಿರಿನಲ್ಲೇ ಗೊತ್ತಾಗುತ್ತೆ, ಆಸಾಮಿಗೆ ಉತ್ತರ ಸಿಕ್ಕಿದೆ, ಆದರೆ ಅದು ಬೇಕಾದ ಉತ್ತರ ಅಲ್ಲ ಅಂತ.

ಮುಂದೆ ಕಥೆಯಲ್ಲಿ ಬೇರೆ ಲೋಕದ ಜೀವಿಯೊಂದು ಬರುತ್ತೆ. ಅದರ ಮಾತು ಸ್ವರಗಳ ಗುಚ್ಛ. ಅಚ್ಚಾದ ಪುಸ್ತಕದಲ್ಲಿ ಆ ಜಾಗದಲ್ಲಿ ಸಂಗೀತದ ಚಿಹ್ನೆ ಹಾಕಿದ್ದಾರೆ, ಅಷ್ಟೇ. ಆಡಿಯೋದಲ್ಲಿ ಸ್ವರಗಳೇ ಕೇಳಿಸುತ್ತವೆ. ಆಮೇಲೆ ಮೇಷ್ಟ್ರು ಆ ಭಾಷೆ ಕಲೀತಾ ಹೋದ ಹಾಗೆ ಪೋರ್ಟರ್ ಆ ಜೀವಿಗೆ ಒಂದು ದನಿ ಕೊಡ್ತಾರೆ. ಮುರುಕು ಮುರುಕು ವಾಕ್ಯ, ಖುಷಿಯಾದರೆ ಒಂದೇ ಪದ ಮೂರು ಸಲ, ಪ್ರಶ್ನೆ ಕೇಳಿದರೆ ಕೊನೆಯಲ್ಲಿ ‘ಪ್ರಶ್ನೆ’ ಅಂತ ಬಾಯಿಬಿಟ್ಟು ಹೇಳೋದು. ಇಂಥ ಪಾತ್ರವನ್ನು ಕಾರ್ಟೂನ್ ಮಾಡಿಬಿಡೋದು ಬಹಳ ಸುಲಭ. ಪೋರ್ಟರ್ ಅದಕ್ಕೆ ಗೌರವ ಕೊಟ್ಟು ಓದಿದ್ದಾರೆ. ಸಾಸಿವೆ ಬಣ್ಣದ ಕಂಚಿ ಸೀರೆಗೆ ಮೆರೂನ್ ಬೇಬಿ ಕುಚ್ಚು ಕಟ್ತಾ ಇದ್ದೆ. ಮೇಷ್ಟ್ರೂ ಆ ಜೀವಿಯೂ ಮೊದಲ ಸಲ ಒಂದೇ ಲೆಕ್ಕವನ್ನು ಇಬ್ಬರಿಗೂ ಅರ್ಥವಾಗೋ ಹಾಗೆ ಹೇಳಿಕೊಳ್ಳೋ ಜಾಗ. ಕ್ರೋಶಾ ಸೂಜಿ ದಾರದ ಕುಣಿಕೆಯೊಳಗೆ ಅರ್ಧ ಹೋಗಿ ಹಾಗೇ ನಿಂತಿತ್ತು. ಮಗಳು ಬಂದು, “ಅಮ್ಮಾ, ಯಾಕೆ ಕೈ ನಿಲ್ಲಿಸಿಬಿಟ್ಟೆ, ಕಣ್ಣಲ್ಲಿ ನೀರು ಬೇರೆ” ಅಂದಳು. ಒಂದು ಇಯರ್‌ಫೋನ್ ತೆಗೆದು ಅವಳ ಕಿವಿಗೆ ಸಿಕ್ಕಿಸಿದೆ. ಅವಳಿಗೆ ಹಿಂದಿನ ಕಥೆ ಏನೂ ಗೊತ್ತಿಲ್ಲ. ಆದರೂ ಅಲ್ಲೇ ಕೂತಳು. ರಾತ್ರಿ ಅಡುಗೆ ಅವತ್ತು ಒಂಬತ್ತೂವರೆಗೆ.

ಇದೇ ಲೇಖಕರ ಮೊದಲ ಕಾದಂಬರಿ ‘ದಿ ಮಾರ್ಷಿಯನ್’. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದು ಆಲೂಗಡ್ಡೆ ಬೆಳೆದು ಬದುಕುವವನ ಕಥೆ, ಸಿನಿಮಾ ನೋಡಿದವರು ಬಹಳ ಜನ ಇದ್ದೀರಿ. ನಾನು ಹೇಳೋದಕ್ಕೆ ಹೊರಟಿರೋ ಮಾತಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. 2013ರಲ್ಲಿ ಇದನ್ನು ಆರ್. ಸಿ. ಬ್ರೇ ಓದಿದ್ದರು. 2020ರಲ್ಲಿ ವಿಲ್ ವ್ಹೀಟನ್ ದನಿಯಲ್ಲಿ ಹೊಸ ಆವೃತ್ತಿ ಬಂತು, ಹಳೆಯದು ಮಾರಾಟದಿಂದ ಹೋಯಿತು. ಪುಸ್ತಕ ಅದೇ, ಸಾಲು ಅದೇ. ಆದರೆ ಕೇಳುಗರು ಇವತ್ತಿಗೂ ಬ್ರೇ ಪಕ್ಷ, ವ್ಹೀಟನ್ ಪಕ್ಷ ಅಂತ ಎರಡಾಗಿದ್ದಾರೆ. ನಾನು ಬ್ರೇ ಪಕ್ಷ. ಕಾರಣ ಇಷ್ಟೇ: ಕಥಾನಾಯಕ ಡೈರಿ ಬರೀತಾ ತಮಾಷೆ ಮಾಡೋದು ಭಯಕ್ಕೆ, ಬ್ರೇ ದನಿಯಲ್ಲಿ ಆ ಭಯ ತಮಾಷೆಯ ಅಡಿಯಲ್ಲೇ ಇರುತ್ತೆ. ವ್ಹೀಟನ್ ಓದಿನಲ್ಲಿ ತಮಾಷೆ ಮೇಲೆ ತೇಲುತ್ತೆ. ಚುರುಕಾಗಿದೆ, ಕೇಳೋಕೆ ಹಗುರ, ಹೊಸಬರಿಗೆ ಹಿಡಿಸಬಹುದು.

ಇನ್ನು ಸ್ಟೀಫನ್ ಫ್ರೈ. ಶೆರ್ಲಾಕ್ ಹೋಮ್ಸ್‌ನ 4 ಕಾದಂಬರಿ, 56 ಕಥೆ, ಅಷ್ಟನ್ನೂ ಆಡಿಬಲ್ ಅನ್ನೋ ಆಡಿಯೋ ಪುಸ್ತಕದ ಆ್ಯಪ್‌ಗೆ ಓದಿದ್ದಾರೆ, 2017ರಲ್ಲಿ ಬಂದದ್ದು. ಒಟ್ಟು 72 ಗಂಟೆಯ ಹತ್ತಿರ. ಆಡಿಬಲ್‌ನಲ್ಲಿ ತಿಂಗಳ ಚಂದಾ ಕಟ್ಟಿದರೆ ಒಂದು ಕ್ರೆಡಿಟ್ ಸಿಗುತ್ತೆ, ಪುಸ್ತಕ 5 ಗಂಟೆಯದಾಗಲಿ 70 ಗಂಟೆಯದಾಗಲಿ ಒಂದೇ ಕ್ರೆಡಿಟ್. ಹಾಗಾಗಿ ಕಾಸಿಗೆ ತಕ್ಕ ಕಜ್ಜಾಯ ಬೇಕು ಅನ್ನುವವರು ಚಿಕ್ಕ ಪುಸ್ತಕಕ್ಕೆ ಕ್ರೆಡಿಟ್ ಹಾಳು ಮಾಡಬೇಡಿ, ಇಂಥದ್ದಕ್ಕೆ ಇಟ್ಟುಕೊಳ್ಳಿ. ಹೋಮ್ಸ್ ಕಥೆಗಳನ್ನು ಹೇಳೋದು ಬಹುತೇಕ ಡಾಕ್ಟರ್ ವಾಟ್ಸನ್. ಫ್ರೈ ಅದನ್ನು ಒಂದು ಕ್ಷಣವೂ ಮರೆಯಲ್ಲ. ಹೋಮ್ಸ್ ದನಿ ಜೋರಾಗಿ ಬಂದು ಮುಂದೆ ನಿಲ್ಲೋದೇ ಇಲ್ಲ. ವಾಟ್ಸನ್ ತನ್ನ ಗೆಳೆಯನ ಮಾತನ್ನು ನೆನಪು ಮಾಡಿಕೊಂಡು ಹೇಳ್ತಿದ್ದಾನೆ ಅನ್ನೋ ಪ್ರೀತಿ ಅದರಲ್ಲಿ ಇರುತ್ತೆ. ಒಂದೊಂದು ಭಾಗದ ಮುಂದೆ ಫ್ರೈ ತಮ್ಮದೇ ಮುನ್ನುಡಿ ಹೇಳ್ತಾರೆ, ಅದನ್ನು ಹಾರಿಸಬೇಡಿ.

ದನಿ ಬದಲಾಯಿಸೋದರಲ್ಲಿ ದಾಖಲೆ ಮಾಡಿದವರೂ ಇದ್ದಾರೆ. ರಾಯ್ ಡಾಟ್ರಿಸ್ ‘ಎ ಗೇಮ್ ಆಫ್ ಥ್ರೋನ್ಸ್’ ಓದುವಾಗ 224 ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟು ಗಿನ್ನೆಸ್ ಸೇರಿದರು. ಹ್ಯಾರಿ ಪಾಟರ್ ಸರಣಿಯ ಅಮೆರಿಕನ್ ಆವೃತ್ತಿ ಓದಿದ ಜಿಮ್ ಡೇಲ್ ಅವರದೂ ಒಂದು ಕಾಲದಲ್ಲಿ ಗಿನ್ನೆಸ್ ದಾಖಲೆ, ಐದನೇ ಪುಸ್ತಕಕ್ಕೆ 134 ದನಿ. ಕೇಳಿದರೆ ಆಶ್ಚರ್ಯ ಆಗೋದು ನಿಜ. ಆದರೆ ನಮ್ಮ ಕಡೆಯವರಿಗೆ ಇದೇನು ಹೊಸತೇ? ಗುರುರಾಜುಲು ನಾಯ್ಡು ಅವರ ಹರಿಕಥೆ ಕ್ಯಾಸೆಟ್ ಕೇಳಿ ಬೆಳೆದವರು ನಾವು. ದೇವಸ್ಥಾನದ ಮೈಕಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಹಿಂದಿನ ದಿನ. ಒಬ್ಬರೇ ರಾಜ, ಒಬ್ಬರೇ ಮಂತ್ರಿ, ಒಬ್ಬರೇ ಅತ್ತೆ, ಒಬ್ಬರೇ ಸೊಸೆ. ಮಧ್ಯೆ ಒಂದು ಹಾಡು, ಒಂದು ನಗೆ ಚಟಾಕಿ, ಮತ್ತೆ ಕಥೆ ಬಿಟ್ಟ ಜಾಗಕ್ಕೆ ಸರಿಯಾಗಿ ವಾಪಸ್. ಆ ಕ್ಯಾಸೆಟ್ಟುಗಳಲ್ಲಿ ಅಳು ಬರಿಸುವ ಜಾಗ ಬಂದಾಗ ನಾಯ್ಡು ಅವರು ದನಿ ಬದಲಾಯಿಸೋದನ್ನು ನಿಲ್ಲಿಸಿಬಿಡ್ತಾರೆ, ಗಮನಿಸಿ. ತಾಯಿಯ ದುಃಖಕ್ಕೆ ಹೆಂಗಸಿನ ದನಿ ಮಾಡೋ ಅಗತ್ಯ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಇಷ್ಟು ಪಾತ್ರ, ಅಷ್ಟು ದನಿ ಅನ್ನೋ ಲೆಕ್ಕಕ್ಕಿಂತ ಎಲ್ಲಿ ದನಿ ಮಾಡಬಾರದು ಅನ್ನೋ ವಿವೇಕಕ್ಕೆ ನನ್ನ ಓಟು.

ಆ ವಿವೇಕ ಪೂರ್ತಿ ಕೇಳಬೇಕು ಅಂದರೆ ಜೂಲಿಯೆಟ್ ಸ್ಟೀವನ್ಸನ್. ಬ್ರಿಟನ್ನಿನ ನಟಿ. ಜಾರ್ಜ್ ಎಲಿಯಟ್ ಬರೆದ ‘ಮಿಡಲ್‌ಮಾರ್ಚ್’ ಅನ್ನು ನ್ಯಾಕ್ಸಾಸ್ ಸಂಸ್ಥೆಗೆ ಓದಿದ್ದಾರೆ, 35 ಗಂಟೆಗೂ ಹೆಚ್ಚು. ಡಿಗ್ರಿ ಓದುವಾಗ ಈ ಪುಸ್ತಕವನ್ನು ಲೈಬ್ರರಿಯಿಂದ ತಂದು, ನಲವತ್ತು ಪುಟ ದಾಟದೆ ಹಿಂತಿರುಗಿಸಿದ ಜನ ಎಷ್ಟೋ. ಒಂದೊಂದು ವಾಕ್ಯ ಅರ್ಧ ಪುಟ ಇರುತ್ತೆ, ಒಳಗೊಂದು ಉಪವಾಕ್ಯ, ಅದರೊಳಗೆ ಇನ್ನೊಂದು. ಸ್ಟೀವನ್ಸನ್ ಓದುವಾಗ ಆ ವಾಕ್ಯ ತಾನಾಗೇ ಬಿಡಿಸಿಕೊಳ್ಳುತ್ತೆ. ಎಲ್ಲಿ ಒತ್ತಬೇಕು, ಎಲ್ಲಿ ಹಗುರ ಬಿಡಬೇಕು, ಎಲ್ಲಿ ಅರೆಕ್ಷಣ ನಿಲ್ಲಬೇಕು. ಕುಚ್ಚಿಗೂ ಕುಚ್ಚಿಗೂ ನಡುವೆ ಬಿಡೋ ಜಾಗ ಒಂದೇ ಸಮ ಇದ್ದರೆ ಮಾತ್ರ ಸೆರಗು ಎದ್ದು ಕಾಣೋದು. ಈಕೆಯ ಮೌನಗಳು ಹಾಗಿವೆ. ಡೊರೊಥಿಯಾ ಅನ್ನೋ ಹುಡುಗಿ ತನಗಿಂತ ಬಹಳ ದೊಡ್ಡವನನ್ನು, ಒಣ ಪಂಡಿತನನ್ನು ಮೆಚ್ಚಿ ಮದುವೆಯಾಗ್ತಾಳೆ. ಆ ಪಂಡಿತನನ್ನು ಎಲ್ಲರೂ ನಗೆಪಾಟಲು ಮಾಡಿ ಓದಬಹುದು. ಸ್ಟೀವನ್ಸನ್ ಮಾಡಿಲ್ಲ. ಆತನ ದನಿಯಲ್ಲೂ ಒಂದು ಸುಸ್ತು, ಒಂದು ಹೆದರಿಕೆ. ಇಂಗ್ಲಿಷ್ ಸಾಹಿತ್ಯದ ಈ ಹಳೇ ದೊಡ್ಡ ಪುಸ್ತಕಗಳ ಬಗ್ಗೆ ಭಯ ಇರುವವರಿಗೆ ನನ್ನ ಸಲಹೆ: ಕಣ್ಣಿನಲ್ಲಿ ಓದೋ ಹಠ ಬಿಡಿ, ಈಕೆಯ ದನಿಯಲ್ಲಿ ಕೇಳಿ.

ಬರೆದವರೇ ಓದಿದ್ದರಲ್ಲಿ ನನ್ನ ಮಟ್ಟಿಗೆ ಟ್ರೆವರ್ ನೋವಾ ಅವರ ‘ಬಾರ್ನ್ ಎ ಕ್ರೈಮ್’ ಮೊದಲು. 2016ರ ಪುಸ್ತಕ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಇನ್ನೂ ಇದ್ದಾಗ, 1984ರಲ್ಲಿ ಹುಟ್ಟಿದವರು ಇವರು. ತಾಯಿ ಕಪ್ಪು ಜನಾಂಗದ ಖೋಸಾ ಹೆಂಗಸು, ತಂದೆ ಸ್ವಿಟ್ಜರ್ಲೆಂಡಿನ ಬಿಳಿಯ. ಅಂಥ ಸಂಬಂಧವೇ ಆಗ ಕಾನೂನಿನ ಪ್ರಕಾರ ಅಪರಾಧ, ಅದಕ್ಕೇ ಆ ಹೆಸರು. ಅಚ್ಚಿನಲ್ಲಿ ಓದಿದವರಿಗೆ ಕಥೆ ಸಿಗುತ್ತೆ, ಕೇಳಿದವರಿಗೆ ಆ ಊರು ಸಿಗುತ್ತೆ. ಖೋಸಾ, ಜುಲು, ಆಫ್ರಿಕಾನ್ಸ್, ಒಂದರಿಂದ ಇನ್ನೊಂದಕ್ಕೆ ನೋವಾ ಅವರ ನಾಲಿಗೆ ಸಲೀಸಾಗಿ ಹೊರಳುತ್ತೆ. ಒಂದು ಕಡೆ, ರಸ್ತೆಯಲ್ಲಿ ಹಿಂದೆ ಬರ್ತಿರೋ ಹುಡುಗರು ತನ್ನನ್ನೇ ದೋಚೋ ಮಾತಾಡಿಕೊಳ್ಳೋದು ಕೇಳಿಸಿದಾಗ, ಅವರದೇ ಜುಲು ಭಾಷೆಯಲ್ಲಿ ತಿರುಗಿ ಮಾತಾಡಿ ಪಾರಾಗ್ತಾರೆ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಒಂದು ಬೆಳಗಿನಲ್ಲೇ ಧರ್ಮಾವರಂ ಸೀರೆ ತರೋ ಅಣ್ಣನ ಜೊತೆ ತೆಲುಗು, ಹೂವಿನ ಅಮ್ಮನ ಜೊತೆ ತಮಿಳು, ಸೀರೆ ಪಾಲಿಶ್‌ಗೆ ಒಯ್ಯೋ ಭಾಯ್ ಜೊತೆ ಅರ್ಧ ಉರ್ದು, ಅಪಾರ್ಟ್‌ಮೆಂಟಿನಿಂದ ಫೋನ್ ಮಾಡೋ ಹುಡುಗಿಯ ಜೊತೆ ಇಂಗ್ಲಿಷ್ ಆಗಿಹೋಗುತ್ತೆ. ಭಾಷೆ ಬದಲಾದ ತಕ್ಷಣ ಎದುರಿನವರ ಮುಖ ಸಡಿಲಾಗೋದನ್ನು ದಿನಾ ನೋಡ್ತೀನಿ. ಅದನ್ನೇ ಒಬ್ಬ ಮನುಷ್ಯ ಜೋಹಾನ್ಸ್‌ಬರ್ಗಿನಿಂದ ತನ್ನ ಸ್ವಂತ ದನಿಯಲ್ಲಿ ಹೇಳ್ತಿದ್ದರೆ ಮನೆಯವರೇ ಹೇಳ್ತಿದ್ದಾರೆ ಅನ್ನಿಸಿತು. ತಾಯಿಯ ಮಾತನ್ನು ಓದುವಾಗ ನೋವಾ ದನಿಗೆ ಬರೋ ಬಿಗಿ ಬೇರೆ ಯಾವ ನಟನಿಗೂ ಸಾಧ್ಯವಿಲ್ಲ.

ಈ ಪುಸ್ತಕಗಳನ್ನೆಲ್ಲ ಕೇಳೋ ಭಾಗ್ಯ ನಮಗೆ ಸಿಕ್ಕಿದ್ದು ಕಣ್ಣು ಕಾಣದವರಿಂದ. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರ ಸಲುವಾಗಿ ಬ್ರಿಟನ್ನಿನಲ್ಲಿ ಪ್ರಯೋಗ ಶುರುವಾಗಿ, 1935ರ ನವೆಂಬರಿನಲ್ಲಿ ಮೊದಲ ಮಾತಾಡುವ ಪುಸ್ತಕಗಳು ಹೊರಬಂದವು. ಆ ಮೊದಲ ಕಂತಿನಲ್ಲೇ ಅಗಾಥಾ ಕ್ರಿಸ್ಟಿ ಇದ್ದರು, ಜೋಸೆಫ್ ಕಾನ್ರಾಡ್ ಇದ್ದರು. ಗ್ರಾಮಾಫೋನ್ ತಟ್ಟೆಯ ಒಂದು ಬದಿಗೆ 25 ನಿಮಿಷದ ಓದು. ಒಂದು ಕಾದಂಬರಿ ಅಂದರೆ ಒಂದು ಪೆಟ್ಟಿಗೆ ತಟ್ಟೆ. ನಮ್ಮಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ಅಂಗವಿಕಲರಿಗಾಗಿ ಪುಸ್ತಕವನ್ನು ಕೇಳೋ ರೂಪಕ್ಕೆ ತರೋದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ, 2014ರಲ್ಲಿ. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿ ಮಿತ್ರ ಜ್ಯೋತಿ ಅನ್ನೋ ಸಂಸ್ಥೆ ಇದೆ, 1990ರಲ್ಲಿ ಶುರುವಾದದ್ದು. ದೃಷ್ಟಿ ಇಲ್ಲದವರಿಗೆ ಮಾತಾಡುವ ಪುಸ್ತಕಗಳ ಗ್ರಂಥಾಲಯ ನಡೆಸುತ್ತೆ. ಮನೆಯಲ್ಲಿ ಅಂಥವರು ಇದ್ದರೆ ಹೋಗಿ ವಿಚಾರಿಸಿ.

ನಮ್ಮ ಮನೆಯಲ್ಲಿ ಇದ್ದಾರೆ. ಅತ್ತೆಗೆ ಗ್ಲಾಕೋಮಾ ಆಗಿ ಓದೋ ದೃಷ್ಟಿ ಹೋಯಿತು. ತೀರ್ಥಹಳ್ಳಿ ಕಡೆಯವರು, ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕ ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಬಾಳಿದವರು. ಅವರಿಂದಾಗಿ ಕನ್ನಡದ ಆಡಿಯೋ ಪುಸ್ತಕ ಕೇಳೋದು ನಮ್ಮನೆಯಲ್ಲಿ ಸಂಜೆಯ ಕೆಲಸ ಆಯಿತು. ಬೆಂಗಳೂರಿನಲ್ಲೇ ಹುಟ್ಟಿದ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್ ಇರೋದು, ಅಚ್ಚಿನ ಪುಸ್ತಕದ ಜೊತೆಗೇ ಕೇಳೋ ಪುಸ್ತಕವೂ ಬರ್ತಿರೋದು ಬಹಳ ದೊಡ್ಡ ವಿಷಯ. ಹತ್ತು ವರ್ಷದ ಹಿಂದೆ ಇದನ್ನು ಕೇಳಿದ್ದರೆ ಯಾರೂ ನಂಬ್ತಿರಲಿಲ್ಲ.

ಕನ್ನಡ ಓದೋದು ಇಂಗ್ಲಿಷ್ ಓದೋದಕ್ಕಿಂತ ಕಷ್ಟ ಅಂತ ನನಗೆ ಈ ಸಂಜೆಗಳಲ್ಲೇ ಗೊತ್ತಾಗಿದ್ದು. ಎರಡು ಕಾರಣ. ನಮ್ಮ ಕಾದಂಬರಿಗಳಲ್ಲಿ ಲೇಖಕರ ಮಾತು ಗ್ರಂಥಸ್ಥ ಕನ್ನಡದಲ್ಲಿ ಇರುತ್ತೆ, ಪಾತ್ರದ ಮಾತು ಅವರವರ ಊರಿನ ಕನ್ನಡದಲ್ಲಿ. ಒಂದೇ ಸಾಲಿನಲ್ಲಿ ‘ಎಲ್ಲಿಗ್ ಹೊಂಟೀಯೋ ತಮ್ಮಾ’ ಅಂತ ಕೇಳಿ, ತಕ್ಷಣ ‘ಎಂದು ಅವಳು ಬಾಗಿಲ ಬಳಿ ನಿಂತು ಕೇಳಿದಳು’ ಅನ್ನೋದಕ್ಕೆ ದಾಟಬೇಕು. ದಾಟುವಾಗ ಎಡವಿದ್ದು ಗೊತ್ತಾಗಬಾರದು. ಎರಡನೇದು ಇನ್ನೂ ಸೂಕ್ಷ್ಮ. ನಮ್ಮ ವಾಕ್ಯದ ಜೀವ ಕೊನೆಯಲ್ಲಿ ಇರುತ್ತೆ. ಬಂದನೋ ಬರಲಿಲ್ಲವೋ, ಕೊಟ್ಟಳೋ ಕೊಡಲಾರದೆ ಹೋದಳೋ, ಅದು ತಿಳಿಯೋದು ಕಟ್ಟಕಡೆಯ ಪದದಲ್ಲಿ. ಬಹಳ ಜನ ವಾಕ್ಯ ಮುಗೀತಾ ಬಂದ ಹಾಗೆ ಉಸಿರು ಬಿಟ್ಟು ದನಿ ಇಳಿಸಿಬಿಡ್ತಾರೆ. ‘ಅವನು ಆ ಮನೆಗೆ ಮತ್ತೆ ಹೋಗ...’ ಅಂತ ಕೇಳಿಸುತ್ತೆ, ‘ಲಿಲ್ಲ’ ಗಾಳಿಗೆ. ರಸ್ತೆಯಲ್ಲಿ ಸೊಪ್ಪಿನ ಗಾಡಿಯ ಮೈಕು, ಕುಕ್ಕರ್ ಸೀಟಿ, ಇದರ ಮಧ್ಯೆ ಕೇಳುವವರು ನಾವು. ಕೊನೆಯ ಪದ ಹೋದರೆ ಅರ್ಥವೇ ಹೋಯಿತು.

ಗಮಕದವರು ಇದನ್ನು ಎಂದೋ ಕಂಡುಕೊಂಡಿದ್ದರು. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿ ಅವರ ಕುಮಾರವ್ಯಾಸ ವಾಚನ ಕೇಳಿ. 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಷಟ್ಪದಿಯ ಕೊನೆಯ ಸಾಲಿನ ಕೊನೆಯ ಅಕ್ಷರದವರೆಗೂ ಅವರ ದನಿ ತುಂಬಿಕೊಂಡೇ ಇರುತ್ತೆ. ರಾಗ ಇದೆ, ಆದರೆ ರಾಗಕ್ಕೋಸ್ಕರ ಪದವನ್ನು ಎಳೆದು ಮುರಿಯಲ್ಲ. ಪದ ಎಲ್ಲಿ ಒಡೆದರೆ ಅರ್ಥವಾಗುತ್ತೋ ಅಲ್ಲೇ ಬಿಡ್ತಾರೆ. ಅತ್ತೆ ಕಣ್ಣು ಮುಚ್ಚಿ ಕೇಳ್ತಾರೆ, ತೊಡೆ ಮೇಲೆ ಬೆರಳು ತಾಳ ಹಾಕ್ತಿರುತ್ತೆ. ಕಥೆಗೆ ದನಿ ಕೊಡೋಕೆ ಹೊರಟ ಹೊಸ ಹುಡುಗ ಹುಡುಗಿಯರು ಡಬ್ಬಿಂಗ್ ತರಗತಿಗೆ ಹೋಗೋ ಮುಂಚೆ ಒಂದು ತಿಂಗಳು ಗಮಕ ಕೇಳಿದರೆ ಚೆನ್ನ.

ಒಂದು ಸಂಜೆ ಮಲೆನಾಡಿನ ಕಾದಂಬರಿಯೊಂದನ್ನು ಹಾಕಿದೆ. ಹೆಸರು ಬೇಡ, ಆ್ಯಪ್ ಹೆಸರೂ ಬೇಡ. ಧ್ವನಿಮುದ್ರಣ ಸ್ವಚ್ಛ, ಉಚ್ಚಾರ ಶುದ್ಧ. ತೋಟದ ಆಳಿನಿಂದ ಹಿಡಿದು ಮನೆಯ ಯಜಮಾನಿಯವರೆಗೆ ಎಲ್ಲರೂ ಒಂದೇ ಥರ, ಮಹಾಪ್ರಾಣಕ್ಕೆಲ್ಲ ಒತ್ತು ಕೊಟ್ಟು ಮಾತಾಡ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಂಥದೇ ಇದು ಮಾರಾಯ್ತಿ, ನಮ್ಮ ಕಡೆ ಹಿಂಗೆ ಯಾರು ಮಾತಾಡ್ತಾರೆ? ವಾರ್ತೆ ಓದ್ದಂಗಿದೆ. ತೆಗಿ ಅತ್ಲಾಗೆ” ಅಂದರು. ತೆಗೆದೆ.

ಅದಾದ ಮೇಲೆ ಬೇರೆ ಕಡೆ ಒಂದು ಸಣ್ಣಕಥೆ ಸಿಕ್ಕಿತು, ಅರ್ಧ ಗಂಟೆಯದು. ಓದಿದ್ದು ಒಬ್ಬ ಹೆಂಗಸು, ವಯಸ್ಸಾದ ದನಿ. ಸಂಗೀತ ಗಿಂಗೀತ ಏನೂ ಇಲ್ಲ. ಕಥೆಯಲ್ಲಿ ಅಡಿಕೆ ಸುಲಿಯೋ ಹೆಂಗಸರ ಮಾತು ಬರುತ್ತೆ. ಮೂರು ನಾಲ್ಕು ಜನ ಒಬ್ಬರ ಮೇಲೊಬ್ಬರು ಮಾತಾಡ್ತಾರೆ, ಆಕೆ ಯಾರಿಗೂ ಬೇರೆ ದನಿ ಮಾಡಿಲ್ಲ. ಒಬ್ಬಳ ಮಾತು ಕೊಂಚ ಅವಸರ, ಇನ್ನೊಬ್ಬಳದು ಎಳೆದಾಟ, ಮಗದೊಬ್ಬಳು ಪ್ರತಿ ಸಲ ಉಸಿರು ತಗೊಂಡೇ ಶುರು ಮಾಡೋದು. ಅಷ್ಟರಲ್ಲೇ ಯಾರು ಯಾರು ಅಂತ ಸ್ಪಷ್ಟ. ಅತ್ತೆ ಎದ್ದು ಕೂತರು. “ಯಾರೇ ಇದು ಓದ್ತಿರೋದು? ನಮ್ಮ ಕಡೆಯೋಳೇ ಇವ್ಳು. ಇವ್ಳು ಓದಿದ್ದು ಇನ್ನೂ ಏನೇನಿದೆ ನೋಡು.”

ನೋಡಿದೆ. ಲೇಖಕರ ಹೆಸರಿತ್ತು, ಪ್ರಕಾಶಕರ ಹೆಸರಿತ್ತು, ಮುಖಪುಟ ಮಾಡಿದವರ ಹೆಸರೂ ಇತ್ತು. ಓದಿದವರ ಹೆಸರು ಎಲ್ಲೂ ಇರಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂತು. ರೇ ಪೋರ್ಟರ್ ಓದಿದ ಮುಂದಿನ ಪುಸ್ತಕ ಯಾವುದು ಅಂತ ಹುಡುಕೋಕೆ ನನಗೆ ಎರಡು ಸಲ ಒತ್ತಿದರೆ ಸಾಕು, ಆತನ ಹೆಸರೇ ಒಂದು ಕೊಂಡಿ. ಜೂಲಿಯೆಟ್ ಸ್ಟೀವನ್ಸನ್ ಹೆಸರು ಜಾರ್ಜ್ ಎಲಿಯಟ್ ಹೆಸರಿನ ಜೊತೆಗೇ ಇರುತ್ತೆ. ನಮ್ಮ ಅತ್ತೆಗೆ ಇಷ್ಟವಾದ ದನಿಯನ್ನು ಮತ್ತೆ ಹುಡುಕೋಕೆ ದಾರಿ ಇಲ್ಲ. ಕನ್ನಡದಲ್ಲಿ ಪುಸ್ತಕ ಕೇಳೋ ರೂಪಕ್ಕೆ ತರುವವರೆಲ್ಲರಿಗೂ ನನ್ನ ಬೇಡಿಕೆ ಒಂದೇ: ಓದಿದವರ ಹೆಸರು ಮುಖಪುಟದ ಮೇಲೇ ಹಾಕಿ, ಅವರ ಹೆಸರಿನಿಂದ ಹುಡುಕೋ ಹಾಗೆ ಮಾಡಿ. ಯಾವ ಊರಿನವರು ಅಂತಲೂ ಹಾಕಿದರೆ ಇನ್ನೂ ಸಂತೋಷ. ಧಾರವಾಡದ ಕಥೆಗೆ ಧಾರವಾಡದವರು, ಕುಂದಾಪುರದ ಕಥೆಗೆ ಕುಂದಾಪುರದವರು ಓದಿದ್ದು ನಮಗೆ ಮೊದಲೇ ಗೊತ್ತಾಗಲಿ.

ಹೊಸದಾಗಿ ಓದಿ ಧ್ವನಿಮುದ್ರಣ ಮಾಡಬೇಕು ಅನ್ನುವವರಿಗೆ ಒಳ್ಳೆ ಅವಕಾಶವೂ ಈಗ ಇದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್, ಮುಂದಿನ ಕ್ಯಾಲೆಂಡರ್ ವರ್ಷದಿಂದ ಲೆಕ್ಕ. ತ್ರಿವೇಣಿಯವರು ಹೋದದ್ದು 1963ರಲ್ಲಿ. ಅಂದರೆ ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಕೈಲಾಸಂ ಅವರು ಹೋದದ್ದು 1946ರಲ್ಲಿ, ಅವರ ನಾಟಕಗಳು ಅದಕ್ಕೂ ಬಹಳ ಮೊದಲೇ ಮುಕ್ತ. ಕೈಲಾಸಂ ಸಂಭಾಷಣೆ ಕಣ್ಣಿಗಿಂತ ಕಿವಿಗೇ ಬರೆದದ್ದು. ಬೆಂಗಳೂರು, ಮೈಸೂರಿನ ಹಳೇ ಮನೆಗಳ ಇಂಗ್ಲಿಷ್ ಬೆರೆತ ಆ ಕನ್ನಡವನ್ನು ಸರಿಯಾದ ವೇಗದಲ್ಲಿ ಆಡಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಾಯಲ್ಲಿ ಓದಿಸಿ. ತ್ರಿವೇಣಿಯವರ ಹೆಂಗಸರ ಮನಸ್ಸಿನ ತಳಮಳಕ್ಕೆ ಮೈಸೂರಿನ ಯಾರಾದರೂ ಹೆಣ್ಣುಮಗಳು ನಿಧಾನವಾಗಿ, ನಾಟಕ ಮಾಡದೆ ದನಿ ಕೊಡಲಿ. ಅತ್ತೆ ಯೌವನದಲ್ಲಿ ಓದಿದ ಆ ಪುಸ್ತಕಗಳನ್ನು ಒಳ್ಳೆ ದನಿಯಲ್ಲಿ ಅವರಿಗೆ ಇನ್ನೊಂದು ಸಲ ಕೇಳಿಸಬೇಕು ಅಂತ ನನಗೆ ಬಹಳ ಆಸೆ.

ಮನೆಯಲ್ಲಿ ಮಾಡೋರು ಒಂದು ವಿಷಯ ನೋಡಿಕೊಳ್ಳಿ. ಆಡಿಬಲ್‌ಗೆ ಪುಸ್ತಕ ಕಳಿಸೋ ವ್ಯವಸ್ಥೆಯಲ್ಲಿ, ಮಾತಿಲ್ಲದ ಜಾಗದ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು ಅನ್ನೋ ನಿಯಮ ಇದೆ. ಫ್ಯಾನ್ ಹಾಕಿಕೊಂಡು ಓದಿದರೆ ಅದು ಆಗಲ್ಲ. ಇಯರ್‌ಫೋನ್ ಹಾಕಿ ಗಂಟೆಗಟ್ಟಲೆ ಕೇಳುವವರಿಗೆ ಆ ಸಣ್ಣ ಜುಂಯ್ ಸದ್ದೇ ತಲೆನೋವು ತರಿಸುತ್ತೆ.

ಕೇಳುವವರಿಗೂ ಒಂದೆರಡು ಮಾತು. ವೇಗ ಒಂದೂವರೆ ಪಟ್ಟು ಮಾಡಿ ಕೇಳೋ ಅಭ್ಯಾಸ ಈಗಿನ ಹುಡುಗರದು. ಮಾಹಿತಿಯ ಪುಸ್ತಕಕ್ಕೆ ಸರಿ, ಕಥೆಗೆ ಬೇಡ. ಸ್ಟೀವನ್ಸನ್ ಅಷ್ಟು ಅಳೆದು ಬಿಟ್ಟ ಮೌನವನ್ನು ಕತ್ತರಿಸಿ ಎಸೆದ ಹಾಗಾಗುತ್ತೆ. ಮಲಗುವಾಗ ಕೇಳುವವರು ಸ್ಲೀಪ್ ಟೈಮರ್ ಅನ್ನು ಅಧ್ಯಾಯದ ಕೊನೆಗೆ ಇಡಿ. ನಾನು ದಾರ, ಮಣಿ ತರೋಕೆ ನ್ಯಾಷನಲ್ ಕಾಲೇಜಿನಿಂದ ಚಿಕ್ಕಪೇಟೆಗೆ ಮೆಟ್ರೋದಲ್ಲಿ ಹೋಗ್ತೀನಿ; ಮಾರ್ಕೆಟ್, ಚಿಕ್ಕಪೇಟೆ ನಿಲ್ದಾಣಗಳು ನೆಲದೊಳಗೆ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಟರೆ ಸಿಗ್ನಲ್ಲಿನ ಯೋಚನೆ ಇರಲ್ಲ. ಮಾಮೂಲ್‌ಪೇಟೆಯ ಗಲ್ಲಿಗಳಲ್ಲಿ ಮಾತ್ರ ಎರಡೂ ಕಿವಿಗೆ ಹಾಕಬೇಡಿ, ಹಿಂದಿನಿಂದ ಕೈಗಾಡಿ ಬಂದದ್ದು ಕೇಳಿಸಬೇಕು. ದುಡ್ಡು ಕೊಡೋಕೆ ಮನಸ್ಸಿಲ್ಲದವರು ಲಿಬ್ರಿವಾಕ್ಸ್ ನೋಡಿ, 2005ರಿಂದ ಸ್ವಯಂಸೇವಕರು ಕಾಪಿರೈಟ್ ಮುಗಿದ ಪುಸ್ತಕ ಓದಿ ಉಚಿತವಾಗಿ ಹಾಕ್ತಿದ್ದಾರೆ. ಎಲ್ಲ ಓದೂ ಒಂದೇ ಮಟ್ಟದಲ್ಲಿ ಇರಲ್ಲ, ಐದು ನಿಮಿಷ ಕೇಳಿ ಆರಿಸಿಕೊಳ್ಳಿ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ: ಇಂಗ್ಲಿಷ್ ಕೇಳಿ ಅಭ್ಯಾಸ ಇಲ್ಲದವರು ಟ್ರೆವರ್ ನೋವಾ, ವಿಜ್ಞಾನ ಇಷ್ಟ ಇದ್ದವರು ರೇ ಪೋರ್ಟರ್, ಉದ್ದ ಕೆಲಸ ಕೈಯಲ್ಲಿ ಇದ್ದವರು ಸ್ಟೀಫನ್ ಫ್ರೈ. ಮನೆಯಲ್ಲಿ ಹಿರಿಯರಿದ್ದರೆ ಕೇಶವಮೂರ್ತಿಯವರ ಗಮಕ ಹಾಕಿ, ಇಯರ್‌ಫೋನ್ ಬೇಡ, ಸ್ಪೀಕರಿನಲ್ಲಿ.